ಗುಡುಗಮ್ಮನ ಬೀದಿ

ಬೀದಿಗಳ ಹೆಸರಿನ ಫಲಕ ಬರೆಯುವ ಪೇಂಟರನಿಗೆ ಲೋಕದಲ್ಲಿ ಎರಡಕ್ಕೇ ಹೆದರಿಕೆ. ಒಂದು ಮಳೆ, ಇನ್ನೊಂದು ಅತ್ತೆ. ಮಳೆಯಾದರೂ ವರ್ಷದಲ್ಲಿ ಕೆಲವು ತಿಂಗಳು ರಜೆ ಕೊಡುತ್ತಿತ್ತು.

ಅತ್ತೆಯ ನಿಜವಾದ ಹೆಸರು ಬೀದಿಯಲ್ಲಿ ಯಾರಿಗೂ ನೆನಪಿರಲಿಲ್ಲ. ಎಲ್ಲರ ಬಾಯಲ್ಲೂ ಆಕೆ ಗುಡುಗಮ್ಮ, ಅದೂ ಆಕೆ ಎದುರಿಗೆ ಇಲ್ಲದಾಗ. ಅಡುಗೆಮನೆಯಲ್ಲಿ ನಿಂತು "ಉಪ್ಪೆಲ್ಲಿ?" ಎಂದು ಮಗಳನ್ನು ಕೇಳಿದರೆ ಬೀದಿ ಕೊನೆಯ ಅಂಗಡಿಯವನು ಉಪ್ಪು ಕಟ್ಟಿಡುತ್ತಿದ್ದ. ಅದರ ಮೇಲೆ ಪೇಂಟರ್ ಮನೆಯಳಿಯ. ಮದುವೆಯಾದ ಹೊಸದರಲ್ಲಿ ದೂರದ ಊರಿನಿಂದ ಬಂದು, "ಒಂದೆರಡು ತಿಂಗಳು ಅಷ್ಟೇ, ಆಮೇಲೆ ಬೇರೆ ಮನೆ ಮಾಡ್ತೀನಿ" ಎಂದು ಹೇಳಿ ಮೂಲೆಯಲ್ಲಿ ಟ್ರಂಕು ಇಟ್ಟವನು. ಟ್ರಂಕಿಗೆ ತುಕ್ಕು ಹಿಡಿಯಿತು, ಅವನ ತಲೆ ನರೆಯಿತು, ಇಬ್ಬರೂ ಜಾಗ ಬಿಟ್ಟು ಕದಲಲಿಲ್ಲ.

ಮನೆ ಅತ್ತೆಯದು, ಮಾತೂ ಅತ್ತೆಯದು. ಅದನ್ನು ಅವನು ಒಪ್ಪಿಕೊಂಡಿದ್ದ. ಒಪ್ಪಲಾಗದೆ ಹೊಟ್ಟೆ ಉರಿಯುತ್ತಿದ್ದದ್ದು ಮುಂಬಾಗಿಲಿನ ವಿಷಯಕ್ಕೆ. ಊರಿನ ಕಂಬಗಳಿಗೆ, ಕಚೇರಿಗಳಿಗೆ, ಕಂಡವರ ಕಿಟಕಿಗಳಿಗೆಲ್ಲ ಬಣ್ಣ ಬಳಿಯುವವನ ಮನೆಯ ಬಾಗಿಲು ಮಾತ್ರ ಚಕ್ಕೆ ಚಕ್ಕೆಯಾಗಿ ಸಿಪ್ಪೆ ಎದ್ದು ನಿಂತಿತ್ತು. ಯಾವುದೋ ಕಾಲದಲ್ಲಿ ಅದು ಹಸಿರಾಗಿದ್ದಿರಬೇಕು. ಹೋಗುವವರು ಬರುವವರು ಕೇಳುವುದು ಒಂದೇ ಮಾತು: "ಏನ್ರೀ ಪೇಂಟರ್ರೇ, ಮನೆ ಹತ್ರ ಬರೋ ಹೊತ್ತಿಗೆ ಬಣ್ಣ ಮುಗಿದುಹೋಯ್ತಾ?" ಅವನು ಹಲ್ಲು ಕಿರಿದು ಒಳಗೆ ನುಸುಳುತ್ತಿದ್ದ.

ಆ ದಿನ ಬೆಳಿಗ್ಗೆ ಅಂಚೆ ಕಚೇರಿಯ ಕೆಲಸದಲ್ಲಿ ಉಳಿದಿದ್ದ ಕಂದು ಬಣ್ಣದ ಡಬ್ಬ ಮನೆಯಲ್ಲಿತ್ತು. ಅತ್ತೆ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ಇದೇ ಸಮಯ ಎಂದು ಅವನು ಬ್ರಷ್ಷು ಅದ್ದಿ ಬಾಗಿಲಿಗೆ ಇನ್ನೂ ತಾಗಿಸಿರಲಿಲ್ಲ, ಹಿಂದಿನಿಂದ ಸಿಡಿಲು ಬಡಿಯಿತು.

"ಏನ್ರೀ ಅಳಿಯಂದ್ರೇ! ಕೈ ಮುರಿದು ಒಲೆಗೆ ಹಾಕ್ತೀನಿ! ಯಾರನ್ನ ಕೇಳಿ ಮುಟ್ಟಿದ್ರಿ?"

"ಅತ್ತೆ, ನೋಡೋರು ನಗ್ತಾರೆ. ನನ್ನ ಕಸುಬಿಗೇ ಅವಮಾನ..."

"ನಿಮ್ಮ ಕಸುಬು ಬೀದೀಲಿ ಇಟ್ಕೊಳ್ಳಿ. ನನ್ನ ಬಾಗಿಲಿನ ತಂಟೆಗೆ ಬಂದ್ರೆ ನೆಟ್ಟಗಿರಲ್ಲ!"

ಹೆಂಡತಿ ಅಡುಗೆಮನೆಯಿಂದ ಇಣುಕಿ, "ಸುಮ್ನೆ ಯಾಕ್ರೀ ಕೆಣಕ್ತೀರಿ?" ಎಂದಳು. ಪೇಂಟರ್ ಮುಖ ಊದಿಸಿಕೊಂಡು ಏಣಿ ಹೆಗಲಿಗೇರಿಸಿ ಹೊರಟ.

ಈ ಜಗಳಕ್ಕೂ ಸಾಮ್ರಾಜ್ಯಗಳ ಏಳುಬೀಳಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಇದೆ, ಸ್ವಲ್ಪ ತಾಳ್ಮೆ ಇರಲಿ.

ಸಾಮ್ರಾಜ್ಯದವರು ಆ ಊರಿಗೆ ಮೊದಲು ಬಂದದ್ದು ಉಪ್ಪು ಕೊಳ್ಳುವುದಕ್ಕೆ. ಉಪ್ಪು ನೆನೆಯಬಾರದಲ್ಲ, ಒಂದು ಉಗ್ರಾಣ ಬೇಕೆಂದರು. ಪಾಪ ಎಂದು ಊರವರು ಜಾಗ ಕೊಟ್ಟರು. ಉಗ್ರಾಣಕ್ಕೆ ಕಾವಲುಗಾರ ಬಂದ. ಕಾವಲುಗಾರ ನಿದ್ದೆ ಮಾಡದಂತೆ ನೋಡಿಕೊಳ್ಳಲು ಅಧಿಕಾರಿ ಬಂದ. ಅಧಿಕಾರಿಗೆ ಬಂಗಲೆ, ಬಂಗಲೆಗೆ ರಸ್ತೆ, ರಸ್ತೆಗೊಂದು ಹೆಸರು. ಹೆಸರು ಹೋದಲ್ಲೆಲ್ಲ ಹಿಂದೆಯೇ ತೆರಿಗೆ ಹೋಯಿತು. ಊರವರು ಕಣ್ಣುಜ್ಜಿಕೊಂಡು ನೋಡುವಷ್ಟರಲ್ಲಿ ಉಪ್ಪು ಅವರದಾಗಿತ್ತು, ಊರು ಅವರದಾಗಿತ್ತು, ಕೊಳ್ಳುವವರು ಇವರಾಗಿದ್ದರು. ಇಷ್ಟನ್ನೇ ಪುಸ್ತಕದಲ್ಲಿ ಬರೆಯಲು ವಿದ್ವಾಂಸರಿಗೆ ಸಂಪುಟಗಳು ಬೇಕಾದವು.

ಅಂಥ ಸಾಮ್ರಾಜ್ಯವೂ ಒಂದು ದಿನ ಗಂಟುಮೂಟೆ ಕಟ್ಟಿತು. ಹೋಗುವಾಗ ಬಂಗಲೆಯ ಪಿಂಗಾಣಿ ತಟ್ಟೆಗಳನ್ನು ಜೋಪಾನವಾಗಿ ಒಯ್ದರು, ಬೀದಿಯ ಹೆಸರುಗಳನ್ನು ಬಿಟ್ಟುಹೋದರು. ಹೊಸ ಸರ್ಕಾರ ಬಂದ ತಕ್ಷಣ ಅಪ್ಪಣೆ ಹೊರಡಿಸಿತು: ಅಧ್ಯಕ್ಷರ ಮೆರವಣಿಗೆ ಬರುವುದರೊಳಗೆ ಹಳೆಯ ಹೆಸರೆಲ್ಲ ಅಳಿಯಬೇಕು, ಪ್ರತಿ ಬೀದಿಗೂ ಒಬ್ಬ ಹುತಾತ್ಮರ ಹೆಸರು ಇರಬೇಕು, ಒಂದು ಫಲಕವೂ ಖಾಲಿ ಇರಕೂಡದು.

ನಗರಸಭೆಯ ಗುಮಾಸ್ತ ಕೆಳಗೆ ನಿಂತು ಹೆಸರು ಕೂಗುವುದು, ಪೇಂಟರ್ ಏಣಿಯ ಮೇಲೆ ನಿಂತು ಬರೆಯುವುದು. ಗುಮಾಸ್ತ ಸಾಮ್ರಾಜ್ಯದ ಕಾಲದಲ್ಲೂ ಅದೇ ಕುರ್ಚಿಯಲ್ಲಿದ್ದವನು. ಆಗ ಅವನ ಕೋಟಿನ ಮೇಲೆ ಒಂದು ಬಿಲ್ಲೆಯಿತ್ತು, ಈಗ ಬೇರೊಂದು ಬಿಲ್ಲೆ, ಕೋಟು ಅದೇ. ಇಬ್ಬರೂ ಊರೆಲ್ಲ ಸುತ್ತಿ ಕೊನೆಗೆ ಪೇಂಟರನ ಸ್ವಂತ ಬೀದಿಗೆ ಬಂದರು. ಅಲ್ಲಿನ ಫಲಕದ ಮೇಲೆ ಸಾಮ್ರಾಜ್ಯದ ಯಾವನೋ ಸೇನಾಪತಿಯ ಹೆಸರಿತ್ತು. ಆ ಪುಣ್ಯಾತ್ಮ ಈ ದೇಶಕ್ಕೆ ಕಾಲೇ ಇಟ್ಟಿರಲಿಲ್ಲ, ತನ್ನೂರಲ್ಲೇ ಕುದುರೆಯಿಂದ ಬಿದ್ದು ಸತ್ತವನಂತೆ. ಪೇಂಟರ್ ಅದನ್ನು ಅಳಿಸಿ, ಬಿಳಿ ಬಳಿದು, ಬ್ರಷ್ಷು ಅದ್ದಿಕೊಂಡು ಕಾದ.

"ಹ್ಞಾಂ, ಹೇಳಿ ಗುಮಾಸ್ತರೇ."

ಗುಮಾಸ್ತ ಗಲ್ಲ ಕೆರೆದುಕೊಂಡ. "ಮುಗಿದುಹೋದ್ರಲ್ರೀ."

"ಯಾರು?"

"ಹುತಾತ್ಮರು. ಬೀದಿ ಉಳಿದಿದೆ, ಸತ್ತೋರು ಉಳಿದಿಲ್ಲ. ಇನ್ನೊಂದಷ್ಟು ಜನ ಸತ್ತಿದ್ರೆ ಇವರ ಗಂಟೇನು ಹೋಗ್ತಿತ್ತು?" ಅವನು ಬೆವರು ಒರೆಸಿಕೊಂಡ. "ನನ್ನ ತಲೆ ಓಡ್ತಾ ಇಲ್ಲ. ಒಂದು ಟೀ ಕುಡಿದು ಬರ್ತೀನಿ. ಅಷ್ಟರಲ್ಲಿ ನಿಮಗೇನಾದ್ರೂ ಹೊಳೆದ್ರೆ ಬರೀರಿ. ಖಾಲಿ ಮಾತ್ರ ಬಿಡಬೇಡಿ ಸ್ವಾಮಿ, ನನ್ನ ನೌಕರಿ ಹೋಗುತ್ತೆ."

ಏಣಿಯ ಮೇಲಿಂದ ಪೇಂಟರನಿಗೆ ತನ್ನ ಮನೆಯ ಬಾಗಿಲು ಚೆನ್ನಾಗಿ ಕಾಣುತ್ತಿತ್ತು. ಬೆಳಗಿನ ಸಿಟ್ಟು ಮತ್ತೆ ನೆತ್ತಿಗೇರಿತು. ಬಾಗಿಲು ತಾನೇ ಮುಟ್ಟಬಾರದು? ಬೀದಿ ನನ್ನದು ಎಂದುಕೊಂಡವನೇ, ತನ್ನ ಕೈಯ ಅತ್ಯುತ್ತಮ ಅಕ್ಷರದಲ್ಲಿ, ನೆರಳು ಗೆರೆ ಎಲ್ಲ ಎಳೆದು, "ಗುಡುಗಮ್ಮನ ಬೀದಿ" ಎಂದು ಬರೆದ. ಗುಮಾಸ್ತನಿಗೆ ತೋರಿಸಿ ಇಬ್ಬರೂ ಹೊಟ್ಟೆ ತುಂಬ ನಕ್ಕು, ಹಸಿಯಿರುವಾಗಲೇ ಟರ್ಪೆಂಟೈನಿನಲ್ಲಿ ಒರೆಸಿಬಿಡುವುದು ಅವನ ಲೆಕ್ಕ.

ಆದರೆ ನಾಳೆ ಬರಬೇಕಾಗಿದ್ದ ಅಧ್ಯಕ್ಷರು ಇವತ್ತೇ ಬಂದರು. ಹೊಸ ಸರ್ಕಾರ, ತಡವಾಗಿ ಬರುವ ಅಭ್ಯಾಸ ಇನ್ನೂ ಆಗಿರಲಿಲ್ಲ.

ಮೂಲೆ ತಿರುಗಿದ ಮೆರವಣಿಗೆ ಏಣಿಗೆ ಡಿಕ್ಕಿ ಹೊಡೆಯುವಂತೆ ಬಂದು ನಿಂತಿತು. ಅಧ್ಯಕ್ಷರು ದಪ್ಪ ಮೀಸೆಯ, ಬೇಗ ಕಣ್ಣು ತುಂಬುವ ಮನುಷ್ಯ. ಫಲಕ ನೋಡಿದರು.

"ಗುಡುಗಮ್ಮ! ಆಹಾ, ಎಂಥ ಹೆಸರು! ಯಾರು ಈ ತಾಯಿ?"

ಪೇಂಟರ್ ಏಣಿಯ ಮೇಲೆ ಮರಗಟ್ಟಿಹೋದ. ಗುಮಾಸ್ತ ಟೀ ಲೋಟ ಹಿಡಿದುಕೊಂಡೇ ಓಡಿಬಂದ. ಫಲಕ ನೋಡಿದ, ಅಧ್ಯಕ್ಷರ ಮೀಸೆ ನೋಡಿದ.

"ಹುತಾತ್ಮರು, ಮಹಾಸ್ವಾಮಿ."

"ಹೇಗೆ?"

"ಗುಂಡಿಗೆ... ಎದೆಯೊಡ್ಡಿದವರು."

ಅಧ್ಯಕ್ಷರು ಟೋಪಿ ತೆಗೆದರು. ಹಿಂದಿದ್ದವರೆಲ್ಲ ಟೋಪಿ ತೆಗೆದರು. ಬೀದಿಗೆ ಬೀದಿಯೇ ತಲೆ ತಗ್ಗಿಸಿ ಮೌನವಾಗಿ ನಿಂತಿತು. ಆ ಮೌನದ ನಟ್ಟನಡುವೆ ಸಿಪ್ಪೆ ಎದ್ದ ಬಾಗಿಲಿನ ಹಿಂದಿನಿಂದ ದನಿಯೊಂದು ಹೊರಟಿತು:

"ಊಟ ಆರ್ತಾ ಇದೆ! ಎಲ್ಲಿ ಹಾಳಾಗಿಹೋದ ಈ ಅಳಿಯ!"

ಮೆರವಣಿಗೆಯ ಕುದುರೆಗಳು ಕಿವಿ ನಿಮಿರಿಸಿದವು. "ಯಾರದು?" ಎಂದರು ಅಧ್ಯಕ್ಷರು.

ಗುಮಾಸ್ತ ಟೀ ಲೋಟ ಬೆನ್ನ ಹಿಂದೆ ಅಡಗಿಸಿದ. "ಹುತಾತ್ಮರ ತಂಗಿ, ಮಹಾಸ್ವಾಮಿ. ಅವರ ವಂಶದ ಕಂಠವೇ ಹಾಗೆ."

ಅಧ್ಯಕ್ಷರ ಕಣ್ಣು ಒದ್ದೆಯಾಯಿತು. ಅಲ್ಲೇ ನಿಂತು, ಈ ಪುಣ್ಯ ಬೀದಿಗೆ ನೀರಿನ ನಲ್ಲಿ ಹಾಕಿಸಿ, ನೆಲಕ್ಕೆ ಕಲ್ಲು ಹಾಸಿಸಬೇಕೆಂದು ಅಪ್ಪಣೆ ಮಾಡಿ ಮುಂದೆ ಹೋದರು.

ನಲ್ಲಿ ಎಂಬ ಮಾತು ಬೀದಿಯವರ ಕಿವಿಗೆ ಬಿದ್ದದ್ದೇ ತಡ, ಎಲ್ಲರೂ ಒಮ್ಮನಸ್ಸಿನಿಂದ ಗುಡುಗಮ್ಮನನ್ನು ಸಾಯಿಸಿಬಿಟ್ಟರು. ಎದುರಿಗೆ ಸಿಕ್ಕಾಗ ಅಂಗಡಿಯವನು, "ನಿಮ್ಮಕ್ಕನಂಥೋರು ಇನ್ನು ಹುಟ್ಟಲ್ಲ ಬಿಡಿ" ಎಂದು ಲೊಚಗುಟ್ಟತೊಡಗಿದ. ಅತ್ತೆ ಫಲಕದ ಕೆಳಗೆ ಸೊಂಟದ ಮೇಲೆ ಕೈಯಿಟ್ಟು ತುಂಬ ಹೊತ್ತು ನಿಂತಿದ್ದಳು. ಇನ್ನೇನು ತನ್ನ ಕಥೆ ಮುಗಿಯಿತು ಎಂದುಕೊಂಡು ಪೇಂಟರ್ ಹೆಂಡತಿಯ ಬೆನ್ನ ಹಿಂದೆ ಸರಿದ.

"ಬದುಕಿದ್ದಾಗ ಒಂದು ಕೊಡ ನೀರಿಗೆ ಅಲೆದು ಅಲೆದು ಸಾಕಾಯ್ತು," ಎಂದಳು ಅತ್ತೆ. "ಸತ್ತಿದ್ದಕ್ಕೆ ನಲ್ಲಿನೇ ಬಂತು. ಗೊತ್ತಿದ್ರೆ ಇನ್ನೂ ಮೊದಲೇ ಸಾಯ್ತಿದ್ದೆ."

ಪ್ರಕರಣ ಅಲ್ಲಿಗೇ ತಣ್ಣಗಾಗುತ್ತಿತ್ತೇನೋ. ಆದರೆ ಹೊಸ ದೇಶಕ್ಕೆ ಹೊಸ ಚರಿತ್ರೆ ಬೇಕಿತ್ತು. ಅದನ್ನು ಬರೆಯಲು ಒಬ್ಬ ಇತಿಹಾಸದ ಪ್ರೊಫೆಸರನ್ನು ನೇಮಿಸಿದರು. ಆತ ಜಗತ್ತನ್ನೇ ಕಾರಣಗಳು ಮತ್ತು ಪರಿಣಾಮಗಳು ಎಂದು ಎರಡು ಭಾಗ ಮಾಡಿಟ್ಟುಕೊಂಡಿದ್ದ ಮನುಷ್ಯ. ಒಂದು ದಿನ ಅತ್ತೆಯ ಮನೆ ಬಾಗಿಲು ತಟ್ಟಿ ಒಳಗೆ ಬಂದು, ಕೊಟ್ಟ ನೀರು ಕುಡಿದು, ಪೆನ್ನು ತೆಗೆದ.

"ಅಮ್ಮಾ, ನೀವು ಗುಡುಗಮ್ಮನವರನ್ನು ಹತ್ತಿರದಿಂದ ಬಲ್ಲಿರಾ?"

"ನನಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತು?" ಎಂದಳು ಅತ್ತೆ.

ಮಗಳು ಅಮ್ಮನ ಕಾಲು ತುಳಿದಳು. "ಅಂದ್ರೆ, ಒಡಹುಟ್ಟಿದೋರಲ್ವಾ, ಅದಕ್ಕೆ ಹಾಗಂದ್ರು."

"ಅವರ ಹೋರಾಟಕ್ಕೆ ಮೂಲ ಕಾರಣವೇನು?"

"ಅಳಿಯ."

ಪ್ರೊಫೆಸರ್ ಬರೆದುಕೊಂಡ. "ಪರಿಣಾಮ?"

"ತಲೆನೋವು. ಏನು ಹೇಳಲಿ ಸ್ವಾಮಿ, ನನ್ನಕ್ಕನಿಗೊಬ್ಬ ಅಳಿಯ ಇದ್ದ. ಶುದ್ಧ ನಾಲಾಯಕ್ಕು. ಆಕೆ ಮನೇಲೇ ತಿಂದುಂಡು, ಹೋಗಿ ಸಾಮ್ರಾಜ್ಯದೋರ ಬಂಗಲೆಗೆ ಸುಣ್ಣ ಬಳಿದು ಬರ್ತಿದ್ದ. ಒಂದು ಸಲ ಆಕೆ ಜ್ವರ ಬಂದು ಮಲಗಿದ್ರೆ, ಕಷಾಯ ಕಾಯಿಸಪ್ಪ ಅಂದ್ರೆ ಸುಣ್ಣಕ್ಕೆ ಕಲೆಸೋ ಅಂಟು ಕಾಯಿಸಿ ತಂದಿಟ್ಟ."

ಮೂಲೆಯಲ್ಲಿ ನಿಂತಿದ್ದ ಪೇಂಟರ್ ತಡೆಯಲಾರದೆ, "ಎರಡು ಪಾತ್ರೇನೂ ಒಂದೇ ಥರ ಇದ್ವು!" ಎಂದುಬಿಟ್ಟ. ಪ್ರೊಫೆಸರ್ ಕತ್ತೆತ್ತಿ ನೋಡಿದ. ಪೇಂಟರ್ ಕೆಮ್ಮಿ, "ಹಾಗಂತ ಆ ಅಳಿಯ ಹೇಳ್ತಿದ್ನಂತೆ" ಎಂದ.

ಕೆಲವೇ ತಿಂಗಳಲ್ಲಿ ಶಾಲಾ ಪುಸ್ತಕ ಬಂತು. ಗುಡುಗಮ್ಮನಿಗೆ ಒಂದು ಇಡೀ ಪಾಠ. ಆಕೆ ಕತ್ತಿ ಹಿಡಿದು ಬಂಗಲೆಗೆ ನುಗ್ಗಿದಳು, ಆಕೆಗೆ ವಿಷ ಕುದಿಸಿ ಕುಡಿಸಲು ಹೊಂಚುಹಾಕಿದವನು ಮನೆಯಲ್ಲೇ ಇದ್ದ ದ್ರೋಹಿ ಅಳಿಯ. ಪಾಠದ ಕೊನೆಗೆ ಪ್ರಶ್ನೆ: ದ್ರೋಹಿ ಅಳಿಯನ ಗುಣಸ್ವಭಾವವನ್ನು ವಿವರಿಸಿ. ಬೀದಿಯ ಮಕ್ಕಳು ಜಗಲಿಗಳ ಮೇಲೆ ಕೂತು ಉತ್ತರವನ್ನು ಗಟ್ಟಿಯಾಗಿ ಬಾಯಿಪಾಠ ಮಾಡುತ್ತಿದ್ದರೆ, ಪೇಂಟರ್ ಕಿವಿಗೆ ಹತ್ತಿ ತುರುಕಿಕೊಂಡು ಓಡಾಡಿದ. ಅತ್ತೆ ಮಾತ್ರ ಆ ದಿನಗಳಲ್ಲಿ ಎರಡು ತುತ್ತು ಹೆಚ್ಚೇ ಉಂಡಳು.

ಒಂದು ಮಧ್ಯಾಹ್ನ ಗುಮಾಸ್ತ ಮನೆಗೆ ಬಂದ. ಮುಖ ಹುಳಿ ಕುಡಿದವನಂತಿತ್ತು.

"ಎಡವಟ್ಟಾಯ್ತು ಪೇಂಟರ್ರೇ. ಬೀದಿ ಕೊನೇಲಿ ಗುಡುಗಮ್ಮನೋರ ಪ್ರತಿಮೆ ನಿಲ್ಲಿಸ್ತಾರೆ. ಈ ಮನೇನ ಸ್ಮಾರಕ ಮಾಡ್ತಾರೆ. ಪ್ರತಿಮೆ ಅನಾವರಣದ ಮಾರನೇ ದಿನವೇ ಖಾಲಿ ಮಾಡಬೇಕು. ನಿಮಗೆ ಊರಾಚೆ ಹೊಸ ಮನೆ ಕೊಡ್ತಾರೆ."

ನಿಜ ಹೇಳಬೇಕೆಂದರೆ ಪೇಂಟರನಿಗೆ ಒಳಗೊಳಗೇ ಖುಷಿಯಾಯಿತು. ಹೊಸ ಮನೆ, ಹೊಸ ಬಾಗಿಲು, ಇಷ್ಟ ಬಂದ ಬಣ್ಣ!

"ನಾನು ಬರಲ್ಲ," ಎಂದಳು ಅತ್ತೆ. "ಬದುಕಿರೋಳ ಮನೆ ಹೇಗೆ ಕಿತ್ಕೋತಾರೆ? ನಾನೇ ಗುಡುಗಮ್ಮ ಅಂತ ಹೇಳ್ತೀನಿ."

"ಅಯ್ಯಯ್ಯೋ, ಅಷ್ಟೊಂದು ಮಾಡಬೇಡಿ ತಾಯಿ!" ಗುಮಾಸ್ತ ಕೈ ಮುಗಿದ. "ಅಧ್ಯಕ್ಷರು ಟೋಪಿ ತೆಗೆದು ಅತ್ತಿದ್ದಾರೆ. ಅದೆಲ್ಲ ಸುಳ್ಳು ಅಂದ್ರೆ ನಾನು, ನಿಮ್ಮಳಿಯ ಇಬ್ರೂ ಜೈಲಿಗೇ. ನೆನ್ನೆ ತಾನೇ ಸುಳ್ಳು ಪದಕ ಹಾಕ್ಕೊಂಡ ಒಬ್ಬನನ್ನ ಒಳಗೆ ತಳ್ಳಿದ್ರು. ಸ್ವಲ್ಪ ಯೋಚನೆ ಮಾಡಿ. ಈ ಮನೇನ ಎಷ್ಟು ಚೆಂದ ಮಾಡ್ತಾರೆ ಗೊತ್ತಾ? ಗೋಡೆಗೆ ಸುಣ್ಣ, ನೆಲಕ್ಕೆ ಕಲ್ಲು. ಈ ದರಿದ್ರ ಬಾಗಿಲು ಕಿತ್ತು ಕೆತ್ತನೆ ಬಾಗಿಲು ಕೂಡಿಸ್ತಾರೆ."

ಅತ್ತೆ ಬಾಯಿ ತೆರೆದಳು. ಎಲ್ಲರೂ ಕಿವಿ ಮುಚ್ಚಿಕೊಳ್ಳಲು ಸಿದ್ಧರಾದರು. ಆದರೆ ಆಕೆ ಏನೂ ಹೇಳದೆ ಬಾಯಿ ಮುಚ್ಚಿ, ಎದ್ದು ಒಳಗೆ ಹೋದಳು.

ಆವತ್ತಿನಿಂದ ಆಕೆ ಮಾತು ಬಿಟ್ಟಳು. ಉಪ್ಪು ಬೇಕಾದರೂ ಕೇಳಲಿಲ್ಲ. ಅಂಗಡಿಯವನು ಗಾಬರಿಯಾಗಿ, ಹುಷಾರಿದ್ದಾರಾ ಎಂದು ಕೇಳಿಕೊಂಡು ಬಂದ. ಪೇಂಟರನಿಗೆ ಊಟ ಸೇರಲಿಲ್ಲ. ಬೈಗುಳಕ್ಕೆ ಒಗ್ಗಿದ ಜೀವ, ಈ ಮೌನವನ್ನು ಹೇಗೆ ತಡೆದೀತು? "ಅತ್ತೆ, ನೀರು ಬಿಸಿ ಇದೆ," "ಅತ್ತೆ, ಗಾಳಿ ಬೀಸಲಾ?" ಎಂದು ಹಿಂದೆ ಮುಂದೆ ಸುತ್ತಿದ. ತನ್ನ ಜುಟ್ಟು ಆಕೆಯ ಕೈಯಲ್ಲಿದೆ ಎನ್ನುವ ಭಯವೂ ಅದರಲ್ಲಿತ್ತೆನ್ನಿ. ಆಕೆ ಜಗಲಿಯ ಮೇಲೆ ಕೂತು ಬಾಗಿಲನ್ನು ಬೆರಳಿನಿಂದ ಸವರುತ್ತಿದ್ದಳು, ಅಷ್ಟೆ.

ಅನಾವರಣದ ದಿನ ಬೀದಿ ತುಂಬಿತು. ಅಧ್ಯಕ್ಷರು ದಾರ ಎಳೆದರು, ಬಟ್ಟೆ ಜಾರಿತು. ಹದಿಹರೆಯದ ಚೆಲುವೆ, ಸಣ್ಣ ಸೊಂಟ, ಕೈಯಲ್ಲಿ ಎತ್ತಿ ಹಿಡಿದ ಕತ್ತಿ. ಅಂಗಡಿಯವನು ಒಂದು ಸಲ ಪ್ರತಿಮೆ ನೋಡಿ, ಒಂದು ಸಲ ಅತ್ತೆಯನ್ನು ನೋಡಿ, ಬಾಯಿಗೆ ಟವೆಲ್ಲು ಒತ್ತಿಕೊಂಡ.

"ಹುತಾತ್ಮರ ತಂಗಿಯವರು ಈಗ ಎರಡು ಮಾತಾಡಬೇಕು," ಎಂದರು ಅಧ್ಯಕ್ಷರು.

ಗುಮಾಸ್ತ ಪೇಂಟರನ ತೋಳು ಹಿಡಿದುಕೊಂಡ. ಪೇಂಟರ್ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಆಕೆ ನಿಜ ಹೇಳಿದರೆ ಮನೆ ಉಳಿಯುತ್ತದೆ, ತಾನು ಜೈಲಿಗೆ. ಹೇಳದಿದ್ದರೆ ನಾಳೆ ಆಕೆ ಊರಾಚೆಗೆ. ಇಷ್ಟು ವರ್ಷದ ಜಗಳವೆಲ್ಲ ಅವನ ಕಣ್ಮುಂದೆ ಬಂತು. ಆಕೆಯ ಜಾಗದಲ್ಲಿ ತಾನಿದ್ದಿದ್ದರೆ ಖಂಡಿತ ಹೇಳಿಬಿಡುತ್ತಿದ್ದೆ ಎಂದುಕೊಂಡ.

ಅತ್ತೆ ವೇದಿಕೆ ಹತ್ತಿದಳು. ಯಾರೋ ಧ್ವನಿವರ್ಧಕ ಮುಂದಿಟ್ಟರೆ ಬೇಡವೆಂದು ಸರಿಸಿದಳು.

"ನನ್ನಕ್ಕ ಕತ್ತಿ ಹಿಡಿದೋಳಲ್ಲ. ಕೈ ಎಲ್ಲಿ ಖಾಲಿ ಇತ್ತು? ಒಂದು ಕೈಲಿ ಮಗು, ಇನ್ನೊಂದು ಕೈಲಿ ಗಂಡನ ಬುತ್ತಿ."

ಪ್ರೊಫೆಸರ್ ಪೆನ್ನು ತೆಗೆದ.

"ಆಕೆ ಗಂಡ ಈ ಬೀದಿಗೆ ದೀಪ ಹಚ್ಚೋನು. ಆಗೆಲ್ಲ ಇದಕ್ಕೆ ದೀಪದ ಬೀದಿ ಅಂತಿದ್ರು. ಒಂದು ಸಂಜೆ ಏಣಿ ಮೇಲಿದ್ದೋನನ್ನ ಇಳಿಸ್ಕೊಂಡು ಹೋದ್ರು. ಅವರದ್ಯಾವುದೋ ಯುದ್ಧ, ಯಾವುದೋ ಸಮುದ್ರದಾಚೆ, ಮೂಟೆ ಹೊರೋಕೆ ಆಳು ಬೇಕಿತ್ತಂತೆ. ಯಾರ ಮೇಲೆ ಯುದ್ಧ, ಯಾಕೆ ಯುದ್ಧ, ಅವನಿಗೂ ಗೊತ್ತಿರಲಿಲ್ಲ. ಹಚ್ಚಿದ್ದ ಅರ್ಧ ದೀಪ ಉರೀತಾ ಇತ್ತು, ಇನ್ನರ್ಧ ಹಾಗೇ ಉಳೀತು."

ಅಂಗಡಿಯವನು ಬಾಯಿಗೊತ್ತಿದ್ದ ಟವೆಲ್ಲನ್ನು ಕೆಳಗಿಳಿಸಿದ.

"ಆಕೆ ದಿನಾ ಬುತ್ತಿ ಕಟ್ಕೊಂಡು ಬಂಗಲೆ ಮುಂದೆ ಹೋಗಿ ನಿಲ್ಲೋಳು. ನನ್ನ ಗಂಡ ಎಲ್ಲಿ ಅಂತ ಕೇಳೋಳು. ಅವರ ಕಿಟಕಿ ಮೇಲಿತ್ತು. ಕೇಳಿಸ್ಬೇಕಲ್ಲ, ಅದಕ್ಕೆ ಗಟ್ಟಿಯಾಗಿ ಕೂಗೋಳು. ಅವರು ಕಿಟಕಿ ಮುಚ್ಚಿದ್ರು. ಇನ್ನೂ ಗಟ್ಟಿಯಾಗಿ ಕೂಗಿದ್ಲು. ವರ್ಷಗಟ್ಟಲೆ ಕೂಗಿದ್ಲು. ಮೊದಲು ಆಕೇದು ಎಷ್ಟು ಮೆತ್ತಗಿನ ದನಿ ಗೊತ್ತಾ? ಆಮೇಲೆ ಅದು ಇಳೀಲೇ ಇಲ್ಲ. ನೀವೆಲ್ಲ ಗುಡುಗಮ್ಮ ಅಂದ್ರಿ, ನಕ್ರಿ." ಆಕೆ ಪ್ರೊಫೆಸರ್ ಕಡೆ ತಿರುಗಿದಳು. "ಕಾರಣ ಕೇಳಿದ್ರಲ್ಲ ಸ್ವಾಮಿ, ಇದು ಕಾರಣ. ಪರಿಣಾಮ ನೀವೇ ಬರ್ಕೊಳ್ಳಿ."

ಪ್ರೊಫೆಸರ್ ಪೆನ್ನಿಗೆ ಮುಚ್ಚಳ ಹಾಕಿದ.

"ಆ ಮನೆ ಬಾಗಿಲಿಗೆ ಆಕೆ ಗಂಡನೇ ಬಣ್ಣ ಬಳಿದಿದ್ದ. ಗಿಳಿಹಸಿರು. ಇಡೀ ಬೀದೀಲಿ ಹಸಿರು ಬಾಗಿಲು ನಮ್ಮದೊಂದೇ, ದೂರದಿಂದಲೇ ಗುರುತು ಸಿಗುತ್ತೆ ಅಂದಿದ್ದ. ಈ ಬೀದಿ ಹೆಸರು ಅವರೊಂದು ಸಲ ಬದಲಾಯಿಸಿದ್ರು, ನೀವೊಂದು ಸಲ ಬದಲಾಯಿಸಿದ್ರಿ. ಅವನು ಬಂದು ದೀಪದ ಬೀದಿ ಎಲ್ಲಿ ಅಂದ್ರೆ ಯಾರು ತೋರಿಸ್ತೀರಿ? ಉಳಿದಿರೋ ಗುರುತು ಬಾಗಿಲೊಂದೇ. ಅದನ್ನೂ ಕಿತ್ತು ಕೆತ್ತನೆ ಬಾಗಿಲು ಕೂಡಿಸ್ತೀರಂತೆ! ಅವನು ಟಿಕೆಟ್ ತಗೊಂಡು ಒಳಗೆ ಬರಬೇಕಾ? ಅವನು ತಟ್ಟಿದ್ರೆ ನಾನೇ ತೆಗೀಬೇಕು."

"ನಾನೇ" ಎಂದದ್ದು ಯಾರ ಗಮನಕ್ಕೂ ಬರಲಿಲ್ಲ. ಎಲ್ಲರ ಕಣ್ಣೂ ಬಾಗಿಲ ಮೇಲಿತ್ತು. ಪೇಂಟರನಿಗೆ ಮಾತ್ರ ಕೇಳಿಸಿತು. ಮಾವ ಯುದ್ಧಕ್ಕೆ ಹೋದವರು ಬರಲಿಲ್ಲ ಎಂದಷ್ಟೇ ಅವನಿಗೆ ಗೊತ್ತಿತ್ತು. ಅದಕ್ಕಿಂತ ಹೆಚ್ಚು ಅವನು ಕೇಳಿರಲೂ ಇಲ್ಲ. ಅಂಚೆ ಕಚೇರಿಯ ಕಂದು ಬಣ್ಣ ಹಿಡಿದು ಆ ಬಾಗಿಲ ಮುಂದೆ ನಿಂತದ್ದು ನೆನಪಾಗಿ ಅವನಿಗೆ ನಾಚಿಕೆಯಾಯಿತು, ಅಳು ಬಂತು. ಪಕ್ಕದಲ್ಲಿ ಹೆಂಡತಿ ಆಗಲೇ ಬಿಕ್ಕುತ್ತಿದ್ದಳು.

ಅತ್ತೆ ಇಳಿಯಹೊರಟವಳು ಮತ್ತೆ ತಿರುಗಿದಳು. "ಹಾಂ, ಇನ್ನೊಂದು. ಪುಸ್ತಕದಲ್ಲಿ ಆ ಅಳಿಯನ ಮೇಲೆ ಬರೆದಿರೋದನ್ನ ತೆಗೀರಿ. ನಾನೇ ಬಾಯಿತಪ್ಪಿ ಹೇಳಿದ್ದು. ಅವನು ಪೆದ್ದ, ದ್ರೋಹಿ ಅಲ್ಲ. ಆ ಅಂಟು ಗೊತ್ತಿಲ್ದೇನೇ ತಂದಿದ್ದು."

ಅಧ್ಯಕ್ಷರು ಕರವಸ್ತ್ರ ಒದ್ದೆ ಮಾಡಿಕೊಂಡು ಎದ್ದರು. ಸ್ಮಾರಕ ರದ್ದು ಎಂದರು. ಆ ಬಾಗಿಲನ್ನು ಇನ್ನು ಮುಂದೆ ಯಾರೂ ಮುಟ್ಟಕೂಡದು ಎಂದು ಅಲ್ಲೇ ಘೋಷಿಸಿದರು. ಸರ್ಕಾರದ ಕೆಲಸ ಸರ್ಕಾರದ ಕೆಲಸವೇ. ಮಾರನೇ ದಿನ ಬಾಗಿಲಿಗೆ ಬಂದೂಕು ಹಿಡಿದ ಕಾವಲುಗಾರ ಬಂದ. ಯಾರೂ ಮುಟ್ಟಕೂಡದು ಎಂದಮೇಲೆ ಮನೆಯವರೂ ಮುಟ್ಟಕೂಡದು. ಕಾವಲು ಇದ್ದಷ್ಟು ದಿನವೂ ಅತ್ತೆ, ಮಗಳು, ಅಳಿಯ ಮೂವರೂ ಹಿತ್ತಲಿನ ಗೋಡೆ ಹತ್ತಿ ಇಳಿದು ಓಡಾಡಿದರು. ಅತ್ತೆಯ ದನಿ ಮರಳಿ ಬಂದಿತ್ತು. ಅದರ ಪೂರ್ತಿ ಫಲ ಕಾವಲುಗಾರನಿಗೆ ಸಿಕ್ಕಿತು.

ಅಧ್ಯಕ್ಷರು ಬಹಳ ದಿನ ಬಾಳಲಿಲ್ಲ. ಅವರದೇ ಸೇನಾಪತಿ ಒಂದು ಬೆಳಿಗ್ಗೆ ಅವರ ಕುರ್ಚಿಯಲ್ಲಿ ಕೂತಿದ್ದ. ಕಾವಲುಗಾರ ಸಂಬಳ ಕೊಡುವವರು ಯಾರೆಂದು ವಿಚಾರಿಸಲು ಹೋದವನು ಹಿಂದಿರುಗಲಿಲ್ಲ. ವಾರ ಕಳೆಯುವುದರೊಳಗೆ ಗುಮಾಸ್ತ ಕೋಟಿಗೆ ಹೊಸ ಬಿಲ್ಲೆ ಸಿಕ್ಕಿಸಿಕೊಂಡು ಬಂದು, "ಏಣಿ ತಗೊಳ್ಳಿ ಪೇಂಟರ್ರೇ," ಎಂದ. "ಹಳೇ ಹೆಸರೆಲ್ಲ ಹೋಗಬೇಕಂತೆ. ಹೊಸ ಹುತಾತ್ಮರು."

ಊರೆಲ್ಲ ಸುತ್ತಿ ಮತ್ತೆ ಅದೇ ಬೀದಿಯಲ್ಲಿ ಬಂದು ನಿಂತರು. ಗುಮಾಸ್ತನ ಬಳಿ ಇನ್ನೂ ಕೆಲವು ಹೆಸರುಗಳಿದ್ದವು. ಅವನು ಒಂದು ಸಲ ಫಲಕದ ಕಡೆ, ಇನ್ನೊಂದು ಸಲ ಸಿಪ್ಪೆ ಎದ್ದ ಬಾಗಿಲಿನ ಕಡೆ ನೋಡಿ ಹೆಸರಿನ ಪಟ್ಟಿಯನ್ನು ಜೇಬಿಗೆ ತುರುಕಿದ.

"ಮುಗಿದುಹೋದ್ರು ಸ್ವಾಮಿ. ನಾನು ಟೀ ಕುಡಿದು ಬರ್ತೀನಿ."

ಪೇಂಟರ್ ಗುಡುಗಮ್ಮನನ್ನು ಒರೆಸಿದ. ಬಿಳಿ ಬಳಿದ. ನಿಧಾನವಾಗಿ "ದೀಪದ ಬೀದಿ" ಎಂದು ಬರೆದ. ಇಳಿದು ನೋಡಿದರೆ ಅತ್ತೆ ಹಿಂದೆಯೇ ನಿಂತಿದ್ದಳು. ಫಲಕವನ್ನು ನೋಡಿದಳು, ಅವನನ್ನು ನೋಡಿದಳು.

"ಸೊಟ್ಟಗಿದೆ," ಎಂದಳು.

"ಸರಿ ಮಾಡ್ತೀನಿ ಅತ್ತೆ."

"ಇರಲಿ ಬಿಡಿ."

ಆಕೆ ಬಾಗಿಲ ಹತ್ತಿರ ಹೋಗಿ ಅಂಗೈಯಿಟ್ಟು ನಿಂತಳು. ಬೆನ್ನು ತಿರುಗಿಸಿಕೊಂಡೇ ಹೇಳಿದಳು: "ಇದಕ್ಕೂ ಹಚ್ಚಿಬಿಡಿ. ಇನ್ನು ಸ್ವಲ್ಪ ದಿನ ಹೋದ್ರೆ ಹಸಿರು ಅಂತಾನೇ ಗೊತ್ತಾಗಲ್ಲ. ಅದೇ ಹಸಿರು ಆಗಬೇಕು, ಬೇರೆ ಗೀರೆ ತಂದ್ರೆ ಕೈ ಮುರೀತೀನಿ."

ಕೀಲಿನ ಸಂದಿಯಲ್ಲಿ ಬಿಸಿಲು ತಾಗದೆ ಉಳಿದಿದ್ದ ಒಂದು ಚಕ್ಕೆಯನ್ನು ಪೇಂಟರ್ ಉಗುರಿನಿಂದ ಬಿಡಿಸಿದ. ಅದನ್ನು ಪಕ್ಕದಲ್ಲಿಟ್ಟುಕೊಂಡು ಬಣ್ಣ ಕಲೆಸಿದ. ಕಡು ಆಯಿತು ಎಂದಳು ಅತ್ತೆ. ಮತ್ತೆ ಕಲೆಸಿದ. ತೆಳು ಆಯಿತು ಎಂದಳು. ಮತ್ತೆ ಕಲೆಸಿದ. ಒಂದು ಸಲವೂ ಎದುರು ಮಾತಾಡಲಿಲ್ಲ. ಸಂಜೆಯ ಹೊತ್ತಿಗೆ ಬಾಗಿಲು ಹಸಿಹಸಿಯಾಗಿ ಹೊಳೆಯುತ್ತಿತ್ತು. ಅತ್ತೆ ಚಪ್ಪಲಿ ಮೆಟ್ಟಿಕೊಂಡು ಬೀದಿಯ ಕೊನೆಯವರೆಗೆ, ಕತ್ತಿ ಹಿಡಿದ ಚೆಲುವೆಯನ್ನೂ ದಾಟಿ ನಡೆದುಹೋದಳು. ದೂರದಿಂದ ಬರುವವನು ನಿಲ್ಲುವ ಜಾಗದಲ್ಲಿ ನಿಂತು ತಿರುಗಿ ನೋಡಿದಳು.

"ಕಾಣುತ್ತೆ!" ಎಂದು ಕೂಗಿದಳು.

ಇಡೀ ಬೀದಿಗೆ ಕೇಳಿಸಿತು. ಪೇಂಟರನಿಗೆ ಅಂದು ಆ ದನಿ ಒಂದಿಷ್ಟೂ ಜಾಸ್ತಿ ಅನ್ನಿಸಲಿಲ್ಲ.